ಹಳೆ ಎಸ್‌ಯುವಿಯ ಡಿಕ್ಕಿ ಮತ್ತೆ ಮತ್ತೆ ಕೈಕೊಡುತ್ತಿದೆಯೇ? ಹೊಸ ಲಾಕ್ ಕೊಳ್ಳುವ ಮುನ್ನ ಈ ಕ್ರಮದಲ್ಲಿ ನೋಡಿ

"ಲಾಕ್ ಹೊಸದು ಹಾಕಿಸಿದೆ, ಎರಡೇ ತಿಂಗಳಲ್ಲಿ ಮತ್ತೆ ಅದೇ ಕತೆ." "ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಬದಲಾಯಿಸಿದೆ ಮಾರಾಯ್ರೆ, ಆದರೂ ನೀರು ಒಳಗೆ ಬರ್ತದೆ." "ವೈಪರ್ ಮೋಟರ್ ಹಾಕಿಸಿದ್ದು ಹತ್ತು ದಿನ ಓಡಿತು, ನಿಂತಿತು." ಮುಂಬೈ, ಠಾಣೆ, ಡೊಂಬಿವಲಿ ಕಡೆ ಹತ್ತು-ಹದಿನೈದು ವರ್ಷದ ಎಸ್‌ಯುವಿ ಇಟ್ಟುಕೊಂಡ ನಮ್ಮವರು ಸಿಕ್ಕಾಗೆಲ್ಲ ಈ ಮೂರರಲ್ಲಿ ಒಂದು ಮಾತು ಬಂದೇ ಬರುತ್ತದೆ. ಅವರು ಬದಲಾಯಿಸಿದ ಸಾಮಾನು ತೆಗೆದು ನೋಡಿದರೆ ಮುಕ್ಕಾಲು ಪಾಲು ಸರಿಯಾಗಿಯೇ ಇರುತ್ತದೆ. ಕೆಟ್ಟದ್ದು ಬೇರೆಲ್ಲೋ, ದುಡ್ಡು ಸುರಿದದ್ದು ಇನ್ನೆಲ್ಲೋ.

ಡಿಕ್ಕಿ ಬಾಗಿಲಿನ ಕಷ್ಟ ಏನೆಂದರೆ ವೈಪರ್, ಅದರ ನೀರಿನ ಪೈಪು, ಗಾಜಿನ ಮಂಜು ಬಿಡಿಸುವ ಡಿಫಾಗರ್, ಮೇಲಿನ ಬ್ರೇಕ್ ಲೈಟ್, ನಂಬರ್ ಪ್ಲೇಟ್ ಲೈಟ್, ಲಾಕಿನ ಮೋಟರ್, ಆಮೇಲೆ ನಾವೇ ಹಾಕಿಸಿಕೊಂಡ ಕ್ಯಾಮೆರಾ, ಇಷ್ಟೂ ಸಾಮಾನ್ಯವಾಗಿ ಒಂದೇ ರಬ್ಬರ್ ಕೊಳವೆಯಲ್ಲಿ ಹಾದು ಹೋಗುತ್ತವೆ. ಬಾಗಿಲು ತೆಗೆದಾಗೆಲ್ಲ ಆ ಕೊಳವೆ ಮಡಚುತ್ತದೆ. ಅದರ ಸುತ್ತ ಮಳೆನೀರು. ಹಾಗಾಗಿ ಮೊದಲು ನೀರು, ಆಮೇಲೆ ವೈರು, ಅದಾದ ಮೇಲೆ ಹಿಂಜ್, ಕೊನೆಗೆ ಲಾಕು, ಬಾಗಿಲನ್ನು ಎತ್ತಿ ಹಿಡಿಯುವ ಶಾಕರ್, ಗಾಜು. ಈ ಕ್ರಮ ಹಿಂದುಮುಂದಾದರೆ ಸರಿ ಮಾಡಿದ್ದೇ ಮತ್ತೆ ಕೆಡುತ್ತದೆ.

ಕೆಲಸಕ್ಕೆ ಏಪ್ರಿಲ್-ಮೇ ಒಳ್ಳೆಯ ಸಮಯ. ಮುಂಬೈಯಲ್ಲಿ ಜುಲೈ ಒಂದೇ ತಿಂಗಳಲ್ಲಿ 800 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ. ಆ ನಡುವೆ ಬಾಗಿಲಿನ ಒಳಹೊದಿಕೆಯ ಬೋರ್ಡ್ ಬಿಚ್ಚಿ ಒಣಗಿಸುತ್ತೇನೆ ಅನ್ನುವುದು ಆಗದ ಮಾತು. ಎರಡು ಭಾನುವಾರ ಬಿಡುವು ಮಾಡಿಕೊಳ್ಳಿ. ಒಂದೇ ದಿನದಲ್ಲಿ ಮುಗಿಸಲು ಹೋದವರೇ ಬೀಡಿಂಗಿಗೆ ಸಿಲಿಕಾನ್ ಬಳಿದು ಎದ್ದು ಬರುವುದು.

ಬೇಕಾಗುವ ಸಾಮಾನು

ಇನ್ನೂರು-ಮುನ್ನೂರು ರೂಪಾಯಿಯ ಹಳದಿ ಮಲ್ಟಿಮೀಟರ್ ಸಾಕು. ಜೊತೆಗೆ 21 ವ್ಯಾಟಿನ ಒಂದು ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದು ಇಟ್ಟುಕೊಳ್ಳಿ; ಇದು ಮೀಟರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ. ಹತ್ತು ನಂಬರಿನ ಪಾನಾ, ಸ್ಟಾರ್ ಬಿಟ್‌ಗಳ ಸೆಟ್, ಬೋರ್ಡ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಸೋಲ್ಡರಿಂಗ್ ಐರನ್, ಬಿಸಿ ತಾಗಿದರೆ ಕುಗ್ಗಿ ವೈರನ್ನು ಬಿಗಿಯಾಗಿ ಹಿಡಿಯುವ ಹೀಟ್ ಶ್ರಿಂಕ್ ಕೊಳವೆ, ವೈರಿಂಗಿಗೆ ಸುತ್ತುವ ಬಟ್ಟೆಯ ಟೇಪು, ಟಾರ್ಚು, ಸೀಮೆಸುಣ್ಣ, ಹಳೆ ದಿನಪತ್ರಿಕೆ.

ಇವೆಲ್ಲದರ ಜೊತೆ ಒಂದು ಗಟ್ಟಿ ಮರದ ಕೋಲು ಬೇಕು, ಡಿಕ್ಕಿ ಎತ್ತಿದಾಗ ನೆಲದಿಂದ ಬಾಗಿಲಿನ ಅಂಚಿಗೆ ಆನಿಸುವಷ್ಟು ಉದ್ದದ್ದು. ಇದಿಲ್ಲದೆ ಕೆಲಸ ಶುರು ಮಾಡಬೇಡಿ. ಶಾಕರ್ ಸೋತ ಡಿಕ್ಕಿ ಕತ್ತಿನ ಹಿಂಭಾಗಕ್ಕೆ ಬಿದ್ದರೆ ಏನಾಗುತ್ತದೆ ಅನ್ನುವುದು ನನಗೆ ಅನುಭವದಿಂದ ಗೊತ್ತು.

ವೈರು, ಹೀಟ್ ಶ್ರಿಂಕ್ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ಹಳೆ ಗಾಡಿಯ ಬಿಡಿಭಾಗಕ್ಕೆ ಕುರ್ಲಾದ ಸಿಎಸ್‌ಟಿ ರೋಡ್, ಪುಣೆಯವರಿಗೆ ನಾನಾ ಪೇಟ್. ಆದರೆ ಈಗಲೇ ಹೋಗಬೇಡಿ. ಐದನೇ ಹಂತಕ್ಕೆ ಬರುವ ತನಕ ಒಂದು ಬಿಡಿಭಾಗವನ್ನೂ ಕೊಳ್ಳುವುದಿಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಹಂತ 1: ಏನೂ ಬಿಚ್ಚದೆ, ದೂರು ಬರೆದುಕೊಳ್ಳಿ

ಚಾವಿ ಹಾಕಿ ಹಿಂದಿನ ವೈಪರ್, ಡಿಫಾಗರ್, ಪಾರ್ಕಿಂಗ್ ಲೈಟ್, ಬ್ರೇಕ್, ಲಾಕ್ ಒಂದೊಂದಾಗಿ ನೋಡಿ. ಮೊದಲು ಡಿಕ್ಕಿ ಮುಚ್ಚಿಕೊಂಡು, ಆಮೇಲೆ ಅರ್ಧ ಎತ್ತಿ, ಕೊನೆಗೆ ಪೂರ್ತಿ ಎತ್ತಿ. ಮುಚ್ಚಿದಾಗ ನಡೆಯುವುದು ಎತ್ತಿದಾಗ ನಿಂತರೆ, ಅಥವಾ ಎತ್ತುವಾಗ ವೈಪರ್ ತಾನಾಗಿಯೇ ಒಮ್ಮೆ ಬೀಸಿದರೆ, ವೈರ್ ತುಂಡಾಗಿರುವ ಸಾಧ್ಯತೆಯೇ ಹೆಚ್ಚು.

ಬ್ರೇಕ್ ಒತ್ತಿದಾಗ ನಂಬರ್ ಪ್ಲೇಟಿನ ಲೈಟು ಮಿಣಮಿಣ ಅಂದರೆ ಅರ್ಥಿಂಗ್ ಹೋಗಿದೆ. ಕರೆಂಟಿಗೆ ವಾಪಸ್ ಹೋಗುವ ದಾರಿ ಸಿಗದೆ ಬೇರೆ ಬಲ್ಬುಗಳ ಮೂಲಕ ಹಾದಿ ಹುಡುಕುತ್ತಿರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು-ಮೂರು ಸಾಮಾನು ಒಟ್ಟಿಗೆ ಕೆಟ್ಟಿದ್ದರೂ ಇದೇ ಅನುಮಾನ ಇಟ್ಟುಕೊಳ್ಳಿ.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಆಂಪಿಯರಿನದ್ದು ಹಾಕಬೇಡಿ. ರಸ್ತೆಬದಿಯ ಗ್ಯಾರೇಜುಗಳಲ್ಲಿ ಹತ್ತರ ಜಾಗಕ್ಕೆ ಇಪ್ಪತ್ತೈದು ಚುಚ್ಚಿ "ಹೋ ಗಯಾ ಸಾಬ್" ಅನ್ನುತ್ತಾರೆ. ಆಮೇಲೆ ಸುಡುವುದು ಫ್ಯೂಸಿನ ಬದಲು ಚಾವಣಿಯ ಬಟ್ಟೆಯೊಳಗಿನ ವೈರು.

ಹಂತ 2: ಒಳಗಿನ ಬೋರ್ಡ್ ಬಿಚ್ಚಿ

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಚಾವಣಿ ಹೊರುವ ಪಕ್ಕದ ಕಂಬದ ಪ್ಲಾಸ್ಟಿಕ್ ತೆಗೆಯಬೇಕಾಗಿ ಬಂದು, ನಿಮ್ಮ ಗಾಡಿಯಲ್ಲಿ ಪಕ್ಕದ ಏರ್‌ಬ್ಯಾಗ್ ಇದ್ದರೆ, ಇದನ್ನಂತೂ ತಪ್ಪಿಸಲೇಬೇಡಿ.

ಬೋರ್ಡಿನಲ್ಲಿ ಕಣ್ಣಿಗೆ ಕಾಣುವ ಸ್ಕ್ರೂಗಳಿಗಿಂತ ಕಾಣದವು ಹೆಚ್ಚು. ಎಳೆಯುವ ಹಿಡಿಯೊಳಗೆ, ಸಣ್ಣ ಮುಚ್ಚಳದ ಹಿಂದೆ ಬೆರಳು ಹಾಕಿ ನೋಡಿ. ಅವು ಬಿಚ್ಚಿದ ಮೇಲೆ ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಕ್ಲಿಪ್ಪಿನ ಪಕ್ಕದಲ್ಲೇ ಎಬ್ಬಿಸಿ. ನಡುವೆ ಹಿಡಿದು ಎಳೆದರೆ ಬೋರ್ಡ್ ಸೀಳುತ್ತದೆ. ಹಳೆ ಕ್ಲಿಪ್ಪುಗಳು ನಾಲ್ಕೈದಾದರೂ ಮುರಿದೇ ಮುರಿಯುತ್ತವೆ, ಬೇಸರ ಬೇಡ.

ಹೊರಗಿನಿಂದ ನಂಬರ್ ಪ್ಲೇಟ್ ಬಿಚ್ಚಿ ಒಳಗೆ ಹೋಗುವ ದಾರಿ ಹಿಡಿಯಬೇಡಿ. ಹೊಸ ಎಚ್‌ಎಸ್‌ಆರ್‌ಪಿ ಪ್ಲೇಟಿನ ಸ್ನಾಪ್ ಲಾಕ್ ಒಡೆಯದೆ ಹೊರಬರುವುದಿಲ್ಲ.

ಬಾಗಿಲು ತೆರೆಯುವುದೇ ಇಲ್ಲವಾದರೆ ಹಿಂದಿನ ಸೀಟು ಮಡಚಿ ಒಳಗೆ ಹೋಗಿ. ಬಹಳಷ್ಟು ಗಾಡಿಗಳ ಬೋರ್ಡಿನಲ್ಲಿ ಲಾಕಿನ ನೇರಕ್ಕೆ ಸಣ್ಣ ಮುಚ್ಚಳವೋ ತೂತೋ ಇರುತ್ತದೆ. ಸ್ಕ್ರೂ ಡ್ರೈವರ್ ತೂರಿಸಿ ಒಳಗಿನ ಸನ್ನೆಯನ್ನು ಪಕ್ಕಕ್ಕೆ ದೂಡಿದರೆ ಬಾಗಿಲು ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ರಾಡು ಹಾಕಿ ಮೀಟುವವರಿಗೆ ಐದನೇ ಹಂತದ ಕೆಲಸ ಇಮ್ಮಡಿಯಾಗುತ್ತದೆ.

ಹಂತ 3: ನೀರು ಎಲ್ಲಿಂದ ಬರುತ್ತಿದೆ

ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ಗೆಳೆಯರೊಬ್ಬರ ಗಾಡಿ ಮೂರು ತಿಂಗಳು ಹುಳಿ ವಾಸನೆ ಹೊಡೆಯುತ್ತಿತ್ತು. ದಿನಾ ಇಡ್ಲಿ ಹಿಟ್ಟಿನ ಡಬ್ಬ ಸಾಗಿಸುವ ಗಾಡಿ. ಹಿಟ್ಟು ಚೆಲ್ಲಿದೆ ಎಂದು ಹುಡುಗರಿಗೆ ಬೈದದ್ದೇ ಬೈದದ್ದು. ಕಾರ್ಪೆಟ್ ಎತ್ತಿದರೆ ಜಾಕ್ ಇಡುವ ಗುಂಡಿಯಲ್ಲಿ ಎರಡು ಲೋಟದಷ್ಟು ಮಳೆನೀರು, ಅದರಲ್ಲಿ ತುಕ್ಕು ಹಿಡಿದ ಜಾಕು. ಹಿಟ್ಟಿನ ಹನಿಯೂ ಇರಲಿಲ್ಲ. ಮೇಲಿನ ಬ್ರೇಕ್ ಲೈಟಿನ ಹಿಂದಿನ ಸ್ಪಂಜಿನ ಪಟ್ಟಿ ಒಣಗಿ ಪುಡಿಯಾಗಿತ್ತು, ಅಷ್ಟೇ.

ಪರೀಕ್ಷೆ ಹೀಗೆ. ಒಳಗೆ ಎಲ್ಲ ಒರೆಸಿ ಒಣಗಿಸಿ, ಸಂದುಗೊಂದುಗಳಲ್ಲಿ ದಿನಪತ್ರಿಕೆಯ ಪಟ್ಟಿ ಅಂಟಿಸಿ. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಲಿ. ಹೊರಗಿನವರು ತೋಟದ ಪೈಪಿನಿಂದ, ಒತ್ತಡವಿಲ್ಲದೆ, ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತ ಹೋಗಲಿ. ಮೊದಲು ಬಂಪರಿನ ಮೇಲ್ಭಾಗ, ಅಲ್ಲಿ ಐದು ನಿಮಿಷ. ಆಮೇಲೆ ಟೇಲ್ ಲ್ಯಾಂಪಿನ ಸುತ್ತ, ಐದು ನಿಮಿಷ. ಹಾಗೆಯೇ ಗಾಜಿನ ಕೆಳ ಅಂಚು, ಪಕ್ಕದ ಅಂಚು, ವೈಪರಿನ ಬುಡ, ಮೇಲಿನ ಬ್ರೇಕ್ ಲೈಟ್, ಕೊನೆಗೆ ಚಾವಣಿಯ ಕಾಲುವೆ ಮತ್ತು ಕ್ಯಾರಿಯರಿನ ಬೋಲ್ಟುಗಳು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಗೂ ಇಳಿದು ಯಾವ ತೂತಿನದ್ದು ಅಂತ ಗೊತ್ತಾಗುವುದಿಲ್ಲ. ವಾಷಿಂಗ್ ಸೆಂಟರಿನ ಪ್ರೆಶರ್ ಪಂಪ್ ಬೇಡ, ಅದು ಸರಿಯಿರುವ ರಬ್ಬರಿನೊಳಗೂ ನುಗ್ಗುತ್ತದೆ.

ಸೊಸೈಟಿಯಲ್ಲಿ ಪೈಪ್ ಬಿಡುವುದಿಲ್ಲ ಅಂದರೆ ಹೂಗಿಡಕ್ಕೆ ನೀರು ಹಾಕುವ ಝಾರಿ ಸಾಕು. ನಿಧಾನ, ಆದರೆ ಸುಳ್ಳು ಹೇಳುವುದಿಲ್ಲ.

ಎರಡು ಜಾಗ ಎಲ್ಲರೂ ಮರೆಯುತ್ತಾರೆ. ಒಂದು, ಹಿಂದಿನ ಗಾಜಿಗೆ ನೀರು ಚಿಮ್ಮಿಸುವ ಪೈಪು. ಇದರ ಜಾಯಿಂಟ್ ಕಳಚಿದರೆ ಮಳೆಯಿಲ್ಲದ ದಿನವೂ ಒಳಗೆ ಒದ್ದೆ. ವಾಷರ್ ಡಬ್ಬಕ್ಕೆ ಅಡುಗೆಯ ಬಣ್ಣ ಒಂದು ಚಿಟಿಕೆ ಹಾಕಿ, ಇಷ್ಟು ಹೊತ್ತಿಗೆ ಮಾತ್ರ ಬ್ಯಾಟರಿ ಜೋಡಿಸಿ ಸ್ವಿಚ್ ಒತ್ತಿ. ಒಳಗೆ ಬಣ್ಣದ ನೀರು ಕಂಡರೆ ಅಪರಾಧಿ ಅದೇ. ಎರಡು, ಡಿಕ್ಕಿ ಬಾಗಿಲಿನ ತಳದ ತೂತುಗಳು. ಬಾಗಿಲಿನೊಳಗೆ ಇಳಿದ ನೀರು ಹೊರಹೋಗಲೆಂದೇ ಕಂಪನಿಯವರು ಬಿಟ್ಟ ತೂತುಗಳು ಅವು. ಮಣ್ಣು ಕೂತು ಮುಚ್ಚಿರುತ್ತವೆ, ಇಲ್ಲವೇ ಪೇಂಟಿಂಗಿನವರು "ನೀರು ಬರಬಾರದು" ಎಂದು ಮುತುವರ್ಜಿಯಿಂದ ಸೀಲ್ ಮಾಡಿರುತ್ತಾರೆ. ಬಾಗಿಲು ಎತ್ತುವಾಗ ಒಳಗೆ ಗುಳುಗುಳು ಸದ್ದಾದರೆ ಬಿದಿರಿನ ಕಡ್ಡಿಯಿಂದ ಬಿಡಿಸಿ.

ತೂತು ಸಿಕ್ಕ ಮೇಲೆ ಮುಚ್ಚುವುದಕ್ಕೆ ಬಾತ್‌ರೂಮಿಗೆ ಬಳಸುವ, ವಿನೆಗರ್ ವಾಸನೆಯ ಸಿಲಿಕಾನ್ ಬೇಡ. ಅದು ಒಣಗುವಾಗ ಬಿಡುವ ಆಮ್ಲ ತಗಡನ್ನೂ ತಾಮ್ರವನ್ನೂ ತಿನ್ನುತ್ತದೆ. ಲೈಟುಗಳ ಹಿಂದೆ ಬ್ಯೂಟೈಲ್ ಟೇಪು, ಚಾವಣಿಯ ಜೋಡಣೆಗೆ ಗಾಡಿಗಳ ಪಿಯು (ಪಾಲಿಯುರಿಥೇನ್) ಸೀಲೆಂಟು ಹಾಕಿ. ಆಮೇಲೆ ಒಂದು ಹಗಲು ಬಿಸಿಲಿನಲ್ಲಿ ಎಲ್ಲ ಬಾಗಿಲು ತೆರೆದಿಟ್ಟು ಒಣಗಿಸಿ. ಕಾರ್ಪೆಟಿನ ಮೇಲ್ಭಾಗ ಒಣಗಿದ್ದರೆ ಸಾಲದು, ಕೆಳಗಿನ ಫೋಮ್ ಹಿಂಡಿ ನೋಡಬೇಕು.

ಹಂತ 4: ರಬ್ಬರ್ ಬೂಟಿನೊಳಗಿನ ವೈರುಗಳು

ಇಡೀ ಕೆಲಸದ ತಿರುಳು ಇದು. ಬೂಟ್ ಅಂದರೆ ಮೊದಲೇ ಹೇಳಿದ, ವೈರುಗಳು ಹಾದು ಹೋಗುವ ಆ ರಬ್ಬರ್ ಕೊಳವೆ. ಎರಡು ಮಳೆಗಾಲದಲ್ಲಿ ನಾನು ಮೂರು ಲಾಕ್ ಮೋಟರ್ ಹಾಕಿಸಿದ್ದೇನೆ. ಪ್ರತಿ ಸಲವೂ ಹೊಸತು ಹಾಕಿದ ದಿನ ನಡೆಯುತ್ತಿತ್ತು, ಯಾಕೆಂದರೆ ಹಾಕುವ ಗಲಾಟೆಯಲ್ಲಿ ವೈರ್ ಅಲುಗಿ ತುಂಡಾದ ತುದಿಗಳು ತಾಗಿಕೊಳ್ಳುತ್ತಿದ್ದವು. ಮೂರನೆಯದೂ ಸತ್ತ ದಿನ ಸಿಟ್ಟಿಗೆ ಬೂಟ್ ಎಳೆದು ನೋಡಿದೆ. ಹೊರಗಿನಿಂದ ಒಂದು ಗೀರೂ ಇರಲಿಲ್ಲ. ಒಳಗೆ ದಪ್ಪದೊಂದು ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಅದರ ಹೊದಿಕೆ ರಬ್ಬರ್ ಬ್ಯಾಂಡಿನ ಹಾಗೆ ಉದ್ದವಾಯಿತು. ಒಳಗೆ ತಾಮ್ರವೇ ಇರಲಿಲ್ಲ. ಇನ್ನೂ ಸ್ವಲ್ಪ ಎಳೆದಾಗ ತುದಿ ಕಿತ್ತು ಬಂತು, ಪಾಚಿ ಹಿಡಿದಂತೆ ಹಸಿರು ಪುಡಿ ಉದುರಿತು. ಅದು ಅರ್ಥಿಂಗ್ ವೈರು. ಮೂರು ಮೋಟರುಗಳಲ್ಲಿ ಒಂದೂ ಕೆಟ್ಟಿರಲಿಲ್ಲ.

ಬೂಟ್ ಇರುವುದು ಎಲ್ಲಿ? ಮೇಲಕ್ಕೆ ತೆರೆಯುವ ಗಾಡಿಗಳಲ್ಲಿ, ಅಂದರೆ ಫಾರ್ಚುನರ್, ಡಸ್ಟರ್, ಎಕ್ಸ್‌ಯುವಿ500 ತರಹದವುಗಳಲ್ಲಿ, ಚಾವಣಿಗೂ ಬಾಗಿಲಿಗೂ ನಡುವೆ ಮೇಲ್ಗಡೆ. ಪಕ್ಕಕ್ಕೆ ತೆರೆಯುವ ಹಳೆ ಸಫಾರಿ, ಬೊಲೆರೊ, ಇಕೋಸ್ಪೋರ್ಟ್‌ಗಳಲ್ಲಿ ಹಿಂಜಿನ ಪಕ್ಕ. ಸುಕ್ಕುಸುಕ್ಕಾದ ಕಪ್ಪು ಕೊಳವೆ. ಅದರ ಎರಡೂ ತುದಿಗೆ ಸಾಬೂನಿನ ನೀರು ಸವರಿ, ಅಂಚನ್ನು ಬೆರಳಿನಿಂದ ಒಳಕ್ಕೆ ಒತ್ತಿ ಬಿಡಿಸಿ. ಸ್ಕ್ರೂ ಡ್ರೈವರ್ ಹಾಕಿದರೆ ಹರಿಯುತ್ತದೆ, ಹರಿದ ಬೂಟಿನಿಂದ ನೀರು ನೇರ ವೈರಿನ ಮೇಲೆಯೇ. ಕ್ಯಾಮೆರಾ ಹಾಕಿದವರು ತಮ್ಮ ವೈರ್ ತೂರಿಸಲು ಬೂಟ್ ಸೀಳಿದ್ದಾರೋ ಅದನ್ನೂ ನೋಡಿ. ಹತ್ತು ಗಾಡಿಯಲ್ಲಿ ನಾಲ್ಕರಲ್ಲಿ ನಾನು ಕಂಡಿದ್ದೇನೆ.

ಈಗ ಒಂದೊಂದೇ ವೈರನ್ನು ಮಡಚಿ, ಎಳೆದು ನೋಡಿ. ಬಿರುಕು ಬಿಟ್ಟದ್ದು, ಗಟ್ಟಿಯಾದದ್ದು, ರಬ್ಬರಿನಂತೆ ಹಿಗ್ಗುವುದು ಹೋದ ವೈರು.

ಇಲ್ಲೇ ಮೀಟರಿನ "ಬೀಪ್" ಮೋಸ ಮಾಡುವುದು. ಮೂವತ್ತು ಎಳೆಗಳ ವೈರಿನಲ್ಲಿ ಒಂದು ಎಳೆ ಉಳಿದಿದ್ದರೂ ಮೀಟರ್ ಕೂಗುತ್ತದೆ. ಆ ಒಂದೆಳೆಯಲ್ಲಿ ಮೋಟರ್ ತಿರುಗುವುದಿಲ್ಲ. ಬ್ಯಾಟರಿ ಮತ್ತೆ ಜೋಡಿಸಿ, ಬಾಗಿಲ ಕಡೆಯ ಪ್ಲಗ್ಗಿಗೆ ನಮ್ಮ 21 ವ್ಯಾಟಿನ ಬಲ್ಬ್ ಕೊಡಿ, ಇನ್ನೊಬ್ಬರು ಬಾಗಿಲು ಆಡಿಸಲಿ. ಬಲ್ಬ್ ಪೂರ್ತಿ ಬೆಳಗಬೇಕು, ಕಣ್ಣು ಮಿಟುಕಿಸಬಾರದು. ಅರ್ಥಿಂಗಿಗೆ ಬೇರೆ ಪರೀಕ್ಷೆ: ಡಿಫಾಗರ್ ಮತ್ತು ಲೈಟು ಹಾಕಿ, ಮೀಟರಿನ ಒಂದು ಕಡ್ಡಿ ಬಾಗಿಲಿನ ಅರ್ಥಿಂಗ್ ಬೋಲ್ಟಿಗೆ, ಇನ್ನೊಂದು ಉದ್ದ ವೈರ್ ಕಟ್ಟಿ ಬ್ಯಾಟರಿಯ ನೆಗೆಟಿವ್‌ಗೆ. ಸುಮಾರು 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ.

ರಿಪೇರಿಯಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ತುಂಡಾದ ಜಾಗದಲ್ಲೇ ತಿರುಚಿ, ಟೇಪು ಸುತ್ತಿ, ಒಳಗೆ ತುರುಕುವುದು. ಅದು ಮಡಚುವ ಜಾಗ. ಸೋಲ್ಡರ್ ಹಾಕಿದ ಜಾಗ ಕಡ್ಡಿಯಂತೆ ಗಟ್ಟಿ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಬದಲಿಗೆ ಬೂಟಿನ ಉದ್ದಕ್ಕೂ ಹೊಸ ವೈರ್ ಎಳೆಯಿರಿ. ಜಾಯಿಂಟುಗಳು ಒಂದು ಚಾವಣಿಯ ಒಳಗೆ, ಇನ್ನೊಂದು ಬಾಗಿಲಿನ ಒಳಗೆ, ಎರಡೂ ಮಡಚದ ಜಾಗದಲ್ಲಿ ಬರಬೇಕು. ಎಲ್ಲ ಜಾಯಿಂಟೂ ಒಂದೇ ಗಂಟಿನಲ್ಲಿ ಬರದಂತೆ ಒಂದೊಂದನ್ನು ಎರಡು ಬೆರಳಿನಷ್ಟು ಹಿಂದೆಮುಂದೆ ಮಾಡಿ. ಸಪೂರ ಎಳೆಗಳ ಮೆತ್ತನೆಯ ವೈರೇ ಆಗಬೇಕು: ಲೈಟುಗಳಿಗೆ 0.75 ಚದರ ಮಿ.ಮೀ., ಡಿಫಾಗರಿಗೂ ಅರ್ಥಿಂಗಿಗೂ 2.5. ಮನೆ ವೈರಿಂಗಿನ ಒಂಟಿ ತಾಮ್ರದ್ದು ಹಾಕಿದರೆ ತಿಂಗಳೂ ಬಾಳುವುದಿಲ್ಲ.

ಒಂದು ವೈರ್ ಕತ್ತರಿಸಿ, ಅದನ್ನು ಮುಗಿಸಿ, ಆಮೇಲೆ ಮುಂದಿನದು. ಎಲ್ಲ ಒಟ್ಟಿಗೆ ಕತ್ತರಿಸಿ ಬಣ್ಣ ನೆನಪಿಟ್ಟುಕೊಳ್ಳುತ್ತೇನೆ ಅಂದವರ ಗಾಡಿಯಲ್ಲಿ ಬ್ರೇಕ್ ಒತ್ತಿದರೆ ವೈಪರ್ ತಿರುಗಿದ್ದನ್ನು ನೋಡಿದ್ದೇನೆ. ಕೈ ಮಾಡುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಹೀಟ್ ಶ್ರಿಂಕ್ ಕೊಳವೆಯನ್ನು ಜೋಡಿಸುವ ಮುಂಚೆಯೇ ವೈರಿಗೆ ತೂರಿಸಬೇಕು. ಸೋಲ್ಡರ್ ಮಾಡಿ ಆದಮೇಲೆ ನೆನಪಾಗುವುದು ನನಗೆ ಇವತ್ತಿಗೂ ತಪ್ಪಿಲ್ಲ. ಕೊನೆಗೆ ಬಟ್ಟೆಯ ಟೇಪು ಸುತ್ತಿ. ಪಿವಿಸಿ ಟೇಪು ನಮ್ಮ ಬಿಸಿಲಿಗೆ ಬೆಲ್ಲದ ಪಾಕದಂತೆ ಅಂಟಾಗಿ ಜಾರುತ್ತದೆ.

ಬಾಗಿಲು ಪೂರ್ತಿ ಎತ್ತಿದಾಗ ವೈರುಗಳು ಬಿಗಿಯಾಗಬಾರದು, ಸ್ವಲ್ಪ ಸಡಿಲ ಬಿಡಿ. ವಾಷರ್ ಪೈಪೂ ಇದೇ ಬೂಟಿನಲ್ಲಿದ್ದರೆ ಅದರ ಒಳಗೆ ಜಾಯಿಂಟ್ ಇಡಬೇಡಿ.

ಹಂತ 5: ಹಿಂಜ್, ಆಮೇಲೆ ಬೀಡಿಂಗ್

ಬಾಗಿಲನ್ನು ಅರ್ಧ ತೆರೆದು, ಲಾಕಿನ ಕಡೆಯ ಅಂಚು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಹಿಂಜಿನಲ್ಲಿ ಟಕಟಕ ಅಂದರೆ ಪಿನ್ನು-ಬುಶ್ ಸವೆದಿದೆ. ಬಾಗಿಲಿಗೆ ಸ್ಟೆಪ್ನಿ ನೇತು ಹಾಕಿದ ಗಾಡಿಗಳಲ್ಲಿ ಇದು ಮಾಮೂಲಿ: ಇಪ್ಪತ್ತು ಕೆಜಿಗೂ ಮಿಕ್ಕಿದ ಚಕ್ರ ಪ್ರತಿ ಗುಂಡಿಗೂ ಹಿಂಜನ್ನು ಜಗ್ಗುತ್ತಿರುತ್ತದೆ. ಮುಂಬೈ-ಗೋವಾ ಹೆದ್ದಾರಿಯಲ್ಲಿ ಊರಿಗೆ ಹೋಗಿ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ.

ಬಾಗಿಲು ಜೋತಿದ್ದರೆ ಲಾಕ್ ಕೂರುವ ಕೊಂಡಿಯನ್ನು ಕೆಳಗಿಳಿಸಿ ಹೊಂದಿಸುವುದು ಗ್ಯಾರೇಜಿನ ಹಳೆ ಅಡ್ಡದಾರಿ. ಬಾಗಿಲು ಆಗ ಮುಚ್ಚುತ್ತದೆ ನಿಜ, ಆದರೆ ಮೇಲಿನ ಮೂಲೆಯ ಬೀಡಿಂಗಿನಲ್ಲಿ ಸಂದು ಉಳಿಯುತ್ತದೆ, ಗಾಜಿನ ಚೌಕಟ್ಟು ತಿರುಚಿಕೊಂಡಿರುತ್ತದೆ. ಮೊದಲು ಬುಶ್ ಬದಲಿಸಿ. ಆಮೇಲೆ ಕೊಂಡಿಯನ್ನು ಪೂರ್ತಿ ತೆಗೆದು, ಬಾಗಿಲು ಮೆಲ್ಲಗೆ ಮುಚ್ಚಿ, ನಾಲ್ಕೂ ಬದಿಯ ಸಂದು ಒಂದೇ ಸಮ ಬರುವ ತನಕ ಹಿಂಜಿನ ಬೋಲ್ಟ್ ಸಡಿಲಿಸಿ ಹೊಂದಿಸಿ. ಇದಕ್ಕೆ ಇಬ್ಬರು ಬೇಕು, ಸ್ಟೆಪ್ನಿ ಕೆಳಗಿಳಿಸಿರಬೇಕು. ಬೋಲ್ಟಿನ ಹಳೆ ಜಾಗದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿಟ್ಟರೆ ವಾಪಸ್ ಬರಲು ದಾರಿ ಇರುತ್ತದೆ. ಕೊಂಡಿ ಕೊನೆಗೆ.

ಬೀಡಿಂಗ್ ಪರೀಕ್ಷೆಗೆ ಸೀಮೆಸುಣ್ಣವನ್ನು ರಬ್ಬರಿನ ಸುತ್ತ ಬಳಿದು ಬಾಗಿಲು ಒಮ್ಮೆ ಮುಚ್ಚಿ ತೆರೆಯಿರಿ. ಬಾಗಿಲಿನ ಮೇಲೆ ಬಿಳಿ ಗೆರೆ ಎಲ್ಲೂ ಕಡಿಯದೆ ಬಿದ್ದಿರಬೇಕು. ಕಡಿದ ಕಡೆ ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಿಲ್ಲದೆ ಜಾರಿ ಬಂದರೆ ರಬ್ಬರ್ ಸತ್ತಿದೆ, ಇಲ್ಲವೇ ಅದು ಕೂತಿರುವ ತಗಡಿನ ಅಂಚು ಬಗ್ಗಿದೆ. ತಗಡು ಬಗ್ಗಿದ್ದರೆ ಎಷ್ಟು ದುಬಾರಿ ಬೀಡಿಂಗ್ ಹಾಕಿದರೂ ಅಷ್ಟೇ. ಹೊಸ ಬೀಡಿಂಗಿನ ಜಾಯಿಂಟ್ ಕೆಳಗಡೆ ನಡುವಿಗೆ ಬರಲಿ, ಹಾಕುವಾಗ ಎಳೆದು ಹಿಗ್ಗಿಸಬೇಡಿ. ಎಳೆದು ಹಾಕಿದ್ದು ಮೂಲೆಗಳಲ್ಲಿ ತಗ್ಗುತ್ತದೆ.

ಒಂದು ಮಾತು ಬೇರೆಯೇ ಹೇಳಬೇಕು. ಓಡುವಾಗ ಗಾಡಿಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಅಲ್ಲೇ ಸುಳಿಯುತ್ತದೆ. ಡಿಕ್ಕಿ ಸರಿಯಾಗಿ ಕೂರದಿದ್ದರೆ ಆ ಹೊಗೆ ಒಳಕ್ಕೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಹಿಂದಿನ ಸೀಟಿನ ಮಕ್ಕಳಿಗೆ ಊರಿನ ದಾರಿಯಲ್ಲಿ ತಲೆನೋವು, ವಾಂತಿ ಎಂದರೆ ಘಾಟಿಯ ತಿರುವು ಎಂದು ಸುಮ್ಮನಾಗಬೇಡಿ, ಬೀಡಿಂಗ್ ನೋಡಿ. ಫ್ರಿಜ್ಜೋ ಕಪಾಟೋ ಹೇರಿ, ಡಿಕ್ಕಿ ಹಗ್ಗದಲ್ಲಿ ಕಟ್ಟಿ ಓಡಿಸುವುದೂ ಇದೇ ಕಾರಣಕ್ಕೆ ಬೇಡ.

ಹಂತ 6: ಲಾಕ್

ಇಷ್ಟೆಲ್ಲ ಆದಮೇಲೂ ಲಾಕ್ ಕೇಳದಿದ್ದರೆ ಮಾತ್ರ ಲಾಕಿಗೆ ಕೈ ಹಾಕಿ. ಬಾಗಿಲು ತೆರೆದಿಟ್ಟು ಸ್ಕ್ರೂ ಡ್ರೈವರಿನಿಂದ ಕೊಕ್ಕೆಯನ್ನು ಎರಡು ಸಲ ಕ್ಲಿಕ್ಕೆನ್ನುವ ತನಕ ಒತ್ತಿ, ಸ್ವಿಚ್ ಅಮುಕಿ. ಬಿಟ್ಟುಕೊಂಡರೆ ಲಾಕ್ ಸರಿ, ಕೊಂಡಿಯ ಹೊಂದಿಕೆ ತಪ್ಪು. ಸದ್ದಾಗಿಯೂ ಬಿಡದಿದ್ದರೆ ಒಳಗೆ ಕೆಸರು-ಗ್ರೀಸಿನ ಗಂಜಿ. ಬಿಚ್ಚಿ, ಸೀಮೆಎಣ್ಣೆಯಲ್ಲೋ ಕ್ಲೀನರಿನಲ್ಲೋ ತೊಳೆದು, ಒಣಗಿಸಿ, ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಹಚ್ಚಿ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಸದ್ದೇ ಇಲ್ಲದಿದ್ದರೆ ಮೋಟರಿನ ಪ್ಲಗ್ಗಿಗೆ ಬಲ್ಬ್ ಹಿಡಿದು ನೋಡಿ. ಒತ್ತಿದ ಕ್ಷಣ ಬಲ್ಬ್ ಹೊಳೆದರೆ ಮೋಟರ್ ಸತ್ತಿದೆ.

"ಡಿಕ್ಕಿ ತೆರೆದಿದೆ" ಎಂಬ ದೀಪ ಮುಚ್ಚಿದ ಮೇಲೂ ಆರದಿದ್ದರೆ ಸಾಮಾನ್ಯವಾಗಿ ಲಾಕಿನೊಳಗಿನ ಪುಟ್ಟ ಸ್ವಿಚ್. ರಾತ್ರಿಯಿಡೀ ಒಳಗಿನ ಲೈಟ್ ಉರಿದು ಬೆಳಿಗ್ಗೆ ಬ್ಯಾಟರಿ ಕೂತಿರುವುದಕ್ಕೂ ಇದೇ ಕಾರಣ ಇರಬಹುದು.

ಕುರ್ಲಾಕ್ಕೆ ಹೋಗುವುದಾದರೆ ಹಳೆ ಲಾಕನ್ನು ಕೈಯಲ್ಲಿ ಹಿಡಿದೇ ಹೋಗಿ. ಪ್ಲಗ್ಗಿನ ಪಿನ್ನುಗಳನ್ನು ಎಣಿಸಿ ಹೋಲಿಸಿ. ನೋಡಲು ತದ್ರೂಪಿಯಾದ ಎರಡು ಲಾಕುಗಳಲ್ಲಿ ಪಿನ್ನು ಬೇರೆ ಬೇರೆ ಇರುವುದುಂಟು.

ಹಂತ 7: ಶಾಕರ್

ಸುಲಭದ ಕೆಲಸ, ಆದರೆ ಗಾಯ ಆಗುವುದು ಇಲ್ಲೇ. ಒಳಗೆ ಒತ್ತಡದ ನೈಟ್ರೋಜನ್ ಇದೆ. ಕೊರೆಯಬೇಡಿ, ಕತ್ತರಿಸಬೇಡಿ, ಬಿಸಿ ಮಾಡಬೇಡಿ. ಗ್ಯಾಸ್ ತುಂಬಿಸಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ.

ಕೊಳವೆಯ ಮೇಲೆ 400ಎನ್, 550ಎನ್ ಎಂದೇನೋ ಅಚ್ಚಾಗಿರುತ್ತದೆ, ಅದೇ ಅಂಕಿಯ ಜೋಡಿ ತನ್ನಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ಬಾಗಿಲು ತಿರುಚುತ್ತದೆ. ಜಾಸ್ತಿ ಶಕ್ತಿಯದ್ದು ಹಾಕಿದರೆ ಹಿಂಜ್ ಕೀಳುತ್ತದೆ. ಕೋಲು ಆನಿಸಿ, ತುದಿಯ ಸಣ್ಣ ತಂತಿಕ್ಲಿಪ್ ಸಡಿಲಿಸಿ, ಒಂದನ್ನು ತೆಗೆದು ಹೊಸದು ಹಾಕಿದ ಮೇಲೆಯೇ ಇನ್ನೊಂದು. ಬಾಗಿಲು ಮುಚ್ಚಿದಾಗ ಸಪೂರ ಕಡ್ಡಿ ಕೆಳಮುಖವಾಗಿರಲಿ, ಒಳಗಿನ ಎಣ್ಣೆ ಸೀಲನ್ನು ಒದ್ದೆ ಇಡುತ್ತದೆ.

ಮುಂಬೈ ಸೆಖೆಯಲ್ಲಿ ನಿಲ್ಲುವ ಡಿಕ್ಕಿ ಮಹಾಬಳೇಶ್ವರದ ಬೆಳಗಿನಲ್ಲಿ ಬಿದ್ದರೆ ಆಶ್ಚರ್ಯ ಬೇಡ. ತಣಿದಾಗ ಗ್ಯಾಸಿನ ಒತ್ತಡ ಇಳಿಯುತ್ತದೆ. ಹಾಗೆ ಬಿತ್ತೆಂದರೆ ಶಾಕರ್ ಕೊನೆಗಾಲಕ್ಕೆ ಬಂದಿದೆ.

ಹಂತ 8: ಹಿಂದಿನ ಗಾಜು

ಮೊದಲು ಡಿಫಾಗರ್. 2012ರಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದಾಗ ಕಪ್ಪು ಫಿಲ್ಮ್ ತೆಗೆಸಲು ಊರಿಗೂರೇ ಓಡಾಡಿತ್ತಲ್ಲ, ಆಗ ಬ್ಲೇಡು ಹಾಕಿ ಕೆರೆದ ಗಾಜುಗಳಲ್ಲಿ ಡಿಫಾಗರ್ ಗೆರೆಗಳೂ ಹೋಗಿವೆ. ಆ ಗೆರೆಗಳಿರುವುದು ಗಾಜಿನ ಒಳಮೈಯಲ್ಲಿ. ಈಗಲೂ ಹಿಂದಿನ ಗಾಜಿನಲ್ಲಿ ಏನಾದರೂ ಅಂಟಿದ್ದರೆ ಬಿಸಿ ಗಾಳಿ, ಸಾಬೂನು ನೀರು, ಬೆರಳಿನ ಉಗುರು, ಇಷ್ಟೇ.

ಎಂಜಿನ್ ಚಾಲೂ ಮಾಡಿ ಡಿಫಾಗರ್ ಹಾಕಿ. ಗಾಜಿನ ಎರಡು ಬದಿಯ ಟ್ಯಾಬುಗಳ ನಡುವೆ ಹನ್ನೆರಡಕ್ಕಿಂತ ಹೆಚ್ಚು ವೋಲ್ಟ್ ಬಂದರೆ ವೈರಿಂಗ್ ಸರಿ, ದೋಷ ಗಾಜಿನಲ್ಲಿ. ಎರಡೂ ಟ್ಯಾಬು ಬಾಡಿಗೆ ಹೋಲಿಸಿದಾಗ ಹನ್ನೆರಡೇ ತೋರಿಸಿದರೆ ಅರ್ಥಿಂಗ್ ಇಲ್ಲ, ನಾಲ್ಕನೇ ಹಂತಕ್ಕೆ ವಾಪಸ್. ಗೆರೆ ಎಲ್ಲಿ ಕಡಿದಿದೆ ಎಂದು ಹುಡುಕಲು ಮೀಟರಿನ ಕಪ್ಪು ಕಡ್ಡಿ ಅರ್ಥಿಂಗ್ ಟ್ಯಾಬಿಗೆ, ಕೆಂಪು ಕಡ್ಡಿಯ ಮೊನೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಗೆರೆಯ ಮೇಲೆ ಜಾರಿಸಿ. ಸರಿಯಿರುವ ಗೆರೆಯಲ್ಲಿ ಅಂಕಿ ಹನ್ನೆರಡರಿಂದ ಮೆಲ್ಲಗೆ ಇಳಿದು, ನಡುವೆ ಆರಾಗಿ, ಆಚೆ ತುದಿಗೆ ಸೊನ್ನೆಯಾಗುತ್ತದೆ. ಕಡಿದಿರುವಲ್ಲಿ ಹನ್ನೆರಡರಿಂದ ಒಮ್ಮೆಲೇ ಸೊನ್ನೆಗೆ ಹಾರುತ್ತದೆ. ಆ ಜಾಗವನ್ನು ಸ್ಪಿರಿಟಿನಲ್ಲಿ ಒರೆಸಿ, ಗೆರೆಯ ಮೇಲೆ ಕೆಳಗೆ ಟೇಪ್ ಅಂಟಿಸಿ, ಕರೆಂಟ್ ಹರಿಯುವ ಬೆಳ್ಳಿಬಣ್ಣದ ಪೇಂಟ್ ಹಚ್ಚಿ. ಒಂದು ದಿನ ಒಣಗುವ ತನಕ ಸ್ವಿಚ್ ಹಾಕಬೇಡಿ.

ಗಾಜೇ ಒಡೆದು ಹೋದವರಿಗೆ: ಅದು ಟಫನ್ಡ್ ಗಾಜು, ಬಿರುಕಿನಲ್ಲಿ ನಿಲ್ಲದೆ ಒಮ್ಮೆಲೇ ಪುಡಿಯಾಗುತ್ತದೆ. "ಪಾರ್ಕಿಂಗಿನಲ್ಲಿ ನಿಂತಲ್ಲೇ ಒಡೆಯಿತು, ಯಾರೋ ಹುಡುಗರ ಕೆಲಸ" ಎಂದು ವಾಚ್‌ಮನ್ನನ್ನು ತರಾಟೆಗೆ ತೆಗೆದುಕೊಳ್ಳುವ ಮುನ್ನ ಬಾಗಿಲಿನ ಸಂದು ನೋಡಿ. ತಿರುಚಿದ ಚೌಕಟ್ಟು, ಅಂಚಿನ ಹಳೆ ಚಕ್ಕೆ, ಮೇಲಿಂದ ಬಿಸಿಲು, ಇಷ್ಟು ಸಾಕು. ಹೊಸ ಗಾಜು ಹಾಕಿಸುವಾಗ ಎದುರಿಗೇ ನಿಂತಿರಿ. ಚೌಕಟ್ಟಿನ ತುಕ್ಕು ಕೆರೆದು ಪ್ರೈಮರ್ ಹಚ್ಚದೆ ಪಿಯು ಹಾಕಲು ಬಿಡಬೇಡಿ. ತುಕ್ಕಿನ ಮೇಲೆ ಅಂಟಿಸಿದ್ದು ಮುಂದಿನ ಮಳೆಗೆ ತುಕ್ಕಿನ ಜೊತೆಗೇ ಏಳುತ್ತದೆ. ಹಳೆ ಪಿಯುವನ್ನು ಪೂರ್ತಿ ಕೆತ್ತದೆ ಒಂದೆರಡು ಮಿ.ಮೀ. ಪದರ ಉಳಿಸುವುದು ಸರಿಯಾದ ಕ್ರಮ. ಹಾಕಿದ ದಿನ ಮುಂದಿನ ಕಿಟಕಿ ಎರಡು ಬೆರಳು ಇಳಿಸಿಡಿ, ಇಲ್ಲವಾದರೆ ಬಾಗಿಲು ಹಾಕಿದಾಗ ಒಳಗಿನ ಗಾಳಿ ಹಸಿ ಅಂಟನ್ನು ಹೊರಕ್ಕೆ ದೂಡುತ್ತದೆ.

ಗಾಜು ಮಾತ್ರ ಬೇರೆಯಾಗಿ ತೆರೆಯುವ ಗಾಡಿಗಳಲ್ಲಿ ಹಿಂಜಿನ ಬೋಲ್ಟ್ ಗಾಜಿನ ತೂತಿನ ಮೂಲಕ ಹೋಗಿರುತ್ತದೆ. ನಡುವೆ ನೈಲಾನ್ ಬುಶ್ ಇಲ್ಲದೆ ಬಿಗಿದರೆ ಕೈಯಲ್ಲೇ ಪುಡಿ.

ಎಲ್ಲಿ ಕೈ ಬಿಡಬೇಕು

ಬಾಗಿಲಿನ ಕೆಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಒಳಗಿನಿಂದ ತುಕ್ಕು ತಿಂದು ಹೊರಬಂದಿದೆ ಎಂದರ್ಥ. ಪುಟ್ಟಿ ಹಾಕಿದ್ದು ಒಂದು ಮಳೆಗಾಲ, ವಸಾಯಿ ಅಥವಾ ಗೋವಾದ ಉಪ್ಪುಗಾಳಿಯಲ್ಲಿ ಅದೂ ಇಲ್ಲ. ಕತ್ತರಿಸಿ ಹೊಸ ತಗಡು ಬೆಸೆಯುವುದು ಡೆಂಟಿಂಗಿನವರ ಕೆಲಸ. ಹಿಂಜ್ ಕೂತಿರುವ ತಗಡೇ ಸೀಳಿದ್ದರೆ ಗಾಡಿ ನಿಲ್ಲಿಸಿ, ಸ್ಟೆಪ್ನಿ ಇಳಿಸಿ, ಆಮೇಲೆ ಗ್ಯಾರೇಜಿಗೆ. ವೈರು ಸುಟ್ಟ ವಾಸನೆ ಬಂದರೆ ಫ್ಯ‌ೂಸ್ ಕಿತ್ತಿಟ್ಟು ಎಲೆಕ್ಟ್ರಿಶಿಯನ್ನನ್ನು ಕರೆಸಿ. 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಆರ್‌ಟಿಒಗೆ ಗಾಡಿ ತೋರಿಸಬೇಕಾದವರು ಬ್ರೇಕ್ ಲೈಟು, ನಂಬರ್ ಪ್ಲೇಟಿನ ಲೈಟು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಹಂತ 9: ಬೋರ್ಡ್ ಮುಚ್ಚುವ ಮುನ್ನ

ಬೋರ್ಡ್ ಇಲ್ಲದೆಯೇ ಬಾಗಿಲನ್ನು ಇಪ್ಪತ್ತು ಸಲ ತೆಗೆದು ಹಾಕಿ, ಪ್ರತಿ ಸಲ ಒಂದೊಂದು ಸ್ವಿಚ್ ನೋಡಿ. ಮೂರನೇ ಹಂತದ ನೀರಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ಹೊಸ ಕ್ಲಿಪ್ ಹಾಕಿ ಬೋರ್ಡ್ ಕೂರಿಸಿ. ಕಾರ್ಪೆಟಿನ ಕೆಳಗೆ ದಿನಪತ್ರಿಕೆಯ ಎರಡು ಹಾಳೆ ಹಾಸಿ, ಮೇಲೆ ದಿನಾಂಕ ಬರೆದು ಹಾಗೇ ಬಿಡಿ. ಮೊದಲ ದೊಡ್ಡ ಮಳೆಯ ಮರುದಿನ ತೆಗೆದು ನೋಡಿ. ಒದ್ದೆಯಾದ ಹಾಳೆಯಲ್ಲಿ ಕಲೆ ಯಾವ ಮೂಲೆಯಿಂದ ಶುರುವಾಗಿದೆ ಎಂದು ಪೆನ್ನಿನಲ್ಲಿ ಸುತ್ತು ಹಾಕಿಕೊಂಡರೆ ಮುಂದಿನ ಭಾನುವಾರ ಪೈಪು ಮೊದಲು ಎಲ್ಲಿಗೆ ಹಿಡಿಯಬೇಕು ಎಂಬುದು ಗೊತ್ತಾಗುತ್ತದೆ.